ಹಳೆ ನಗರದ ನಡುವೆ ಕಟ್ಟಡ ಕೆಲಸ: ಅಗೆತದ ಮೇಲೆ ಪುರಾತತ್ವ ನಿಗಾ ಇಡುವುದು ಹೇಗೆ

1978ರ ಫೆಬ್ರವರಿ 21ರಂದು ಮೆಕ್ಸಿಕೊ ಸಿಟಿಯ ನಡುಮಧ್ಯೆ ವಿದ್ಯುತ್ ಕೆಲಸಕ್ಕೆಂದು ನೆಲ ಅಗೆಯುತ್ತಿದ್ದ ಕಾರ್ಮಿಕರಿಗೆ ಕೆತ್ತನೆಯ ಕಲ್ಲೊಂದು ತಾಗಿತು. ಅವರು ಕೆಲಸ ನಿಲ್ಲಿಸಿದರು, ವಿಷಯ ಮುಟ್ಟಿಸಿದರು. ಅದು ಅಜ್ಟೆಕ್ ದೇವತೆ ಕೊಯೊಲ್‌ಶೌಕಿಯ ಶಿಲ್ಪ. ಅಡ್ಡಳತೆ ಮೂರು ಮೀಟರಿಗೂ ಜಾಸ್ತಿ. ಟೆಂಪ್ಲೊ ಮಯೊರ್ ಎಂಬ ಮಹಾ ದೇಗುಲದ ದೊಡ್ಡ ಉತ್ಖನನ ಶುರುವಾಗಿದ್ದೇ ಅಲ್ಲಿಂದ.

ಆ ಕಲ್ಲು ದೊಡ್ಡದಿತ್ತು, ಮೈತುಂಬ ಕೆತ್ತನೆ ಇತ್ತು. ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಹಳೆ ನಗರಗಳ ನೆಲದೊಳಗೆ ಇರುವ ಹೆಚ್ಚಿನದು ಹಾಗಲ್ಲ. ಸುಟ್ಟುಹೋದ ಮನೆಯೊಂದು ಎರಡು ಬೆರಳು ದಪ್ಪದ ಕಪ್ಪು ಗೆರೆಯಾಗಿ ಉಳಿದಿರುತ್ತದೆ. ಮರದ ಕಂಬ ಕೊಳೆತು ದುಂಡನೆಯ ಮಚ್ಚೆಯಾಗಿರುತ್ತದೆ. ಜೆಸಿಬಿಯ ಬಕೆಟ್ ಒಂದು ಸಲ ಬಾಚಿದರೆ ಎರಡೂ ಟಿಪ್ಪರ್ ಸೇರುತ್ತವೆ. ಹೋದದ್ದು ಏನು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪುರಾತತ್ವ ನಿಗಾ ಬೇಕಾಗುವುದು ಇದಕ್ಕೇ. ನಿಗಾಕ್ಕೆ ನಿಂತವರ ಕಣ್ಣು ಮೊದಲು ಮಣ್ಣಿನ ಮೇಲಿರಬೇಕು, ವಸ್ತುಗಳ ಮಾತು ಆಮೇಲೆ.

ಹಳೆ ನಗರದಲ್ಲಿ ಕಟ್ಟಿಸುತ್ತಿರುವ ಮಾಲೀಕರು, ಸೈಟ್ ಎಂಜಿನಿಯರುಗಳು, ಮೊದಲ ಸಲ ನಿಗಾ ಕೆಲಸಕ್ಕೆ ಹೋಗುತ್ತಿರುವ ಪುರಾತತ್ವದ ಹುಡುಗ ಹುಡುಗಿಯರು, ಈ ಮೂವರನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಮಣ್ಣಿನ ನಡತೆ ಮಾತ್ರ ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ.

ನಿಗಾ ಎಲ್ಲಿ ಸಾಕು, ಎಲ್ಲಿ ಸಾಲದು

ನಿಗಾ ಅಂದರೆ ಕಟ್ಟಡದವರು ತಮ್ಮ ಕೆಲಸಕ್ಕೆ ಅಗೆಯುವಾಗ ಪುರಾತತ್ವಜ್ಞರು ಪಕ್ಕದಲ್ಲಿ ನಿಂತು ನೋಡುವುದು, ಏನಾದರೂ ಕಂಡರೆ ಅಗೆತ ನಿಲ್ಲಿಸಿ ದಾಖಲಿಸುವುದು. ಇದು ಉತ್ಖನನಕ್ಕೆ ಬದಲಿ ಅಲ್ಲ. ಕೆಳಗೆ ಮಹತ್ವದ ಅವಶೇಷ ಇದೆ ಅಂತ ಮೊದಲೇ ಗೊತ್ತಿದ್ದರೆ, ಕಟ್ಟಡದ ಕೆಲಸ ಶುರುವಾಗುವ ಮುಂಚೆಯೇ ಸರಿಯಾದ ಉತ್ಖನನ ಆಗಬೇಕು. ಇಲ್ಲವೇ ಕಟ್ಟಡದ ನಕ್ಷೆ ಬದಲಾಗಬೇಕು.

ನಿಗಾ ಸರಿಹೊಂದುವುದು ಚಿಕ್ಕ ಅಗೆತಗಳಿಗೆ: ನೀರಿನ ಪೈಪು, ಒಳಚರಂಡಿ, ಕೇಬಲ್ ಕಾಲುವೆ, ಲಿಫ್ಟ್ ಗುಂಡಿ, ಹಳೆ ಪಾಯ ಬಲಪಡಿಸುವ ಕೆಲಸ, ರಸ್ತೆಯ ಮೇಲ್ಪದರ ಬದಲಿಸುವುದು. ಉತ್ಖನನ ಮುಗಿದ ಜಾಗದ ಅಂಚುಗಳಲ್ಲಿ ಉಳಿದದ್ದನ್ನು ನೋಡಿಕೊಳ್ಳಲೂ ಇದು ಸರಿ. "ಖರ್ಚು ಉಳಿಯುತ್ತದೆ, ಸುಮ್ನೆ ಒಬ್ಬರನ್ನು ನಿಲ್ಲಿಸಿಬಿಡೋಣ" ಅನ್ನುವುದು ನನ್ನ ಪ್ರಕಾರ ದುಬಾರಿ ಲೆಕ್ಕ. ಯಂತ್ರ, ಕ್ರೇನು, ಕಾಂಕ್ರೀಟ್ ಲಾರಿ ಎಲ್ಲಾ ಬಂದು ನಿಂತ ಮೇಲೆ ಕೆಲಸ ನಿಲ್ಲಿಸುವುದಕ್ಕಿಂತ, ಮುಂಚೆಯೇ ನಾಲ್ಕು ಪರೀಕ್ಷಾ ಗುಂಡಿ ತೋಡಿ ನೋಡುವುದು ಯಾವಾಗಲೂ ಅಗ್ಗ.

ಇದರ ಖರ್ಚು ಯಾರದು ಎಂಬ ಜಗಳ ಹಳೆಯದು. ಯುರೋಪಿನ ದೇಶಗಳು 1992ರಲ್ಲಿ ಮಾಲ್ಟಾದ ರಾಜಧಾನಿ ವ್ಯಾಲೆಟ್ಟಾದಲ್ಲಿ ಸಹಿ ಹಾಕಿದ ಒಪ್ಪಂದ, ದೊಡ್ಡ ಅಭಿವೃದ್ಧಿ ಕೆಲಸಗಳಿಂದ ಬೇಕಾಗುವ ಪುರಾತತ್ವ ಕೆಲಸದ ಖರ್ಚು ಆ ಯೋಜನೆಗಳಿಂದಲೇ ಬರಬೇಕು ಎಂಬ ದಾರಿ ಹಿಡಿಯಿತು. ನಿಮ್ಮಲ್ಲಿ ನಿಯಮ ಏನೇ ಇರಲಿ, ಇದು ಬಜೆಟ್ಟಿನ ಮೊದಲ ಪುಟದಲ್ಲೇ ಇರಬೇಕು.

ಅಗೆಯುವ ಮೊದಲು ಕಾಗದ ನೋಡಿ

ಹಳೆ ನಕ್ಷೆಗಳನ್ನು ತೆಗೆಯಿರಿ. ಒಂದೇ ನಕ್ಷೆ ಸಾಲದು, ಬೇರೆಬೇರೆ ಕಾಲದವು ಬೇಕು. ಒಂದರ ಮೇಲೊಂದು ಇಟ್ಟು ನೋಡಿದರೆ ಕೋಟೆ ಗೋಡೆ ಎಲ್ಲಿತ್ತು, ಕಂದಕ ಯಾವಾಗ ಮುಚ್ಚಿತು, ಹೊಳೆ ಯಾವ ಬೀದಿಯ ಅಡಿಗೆ ಹೋಯಿತು ಎಲ್ಲಾ ತಿಳಿಯುತ್ತದೆ. ಸುತ್ತಮುತ್ತ ಹಿಂದೆ ನಡೆದ ಅಗೆತಗಳ ವರದಿ, ನಗರಾಡಳಿತದಲ್ಲಿರುವ ಹಳೆ ಕಟ್ಟಡಗಳ ನಕ್ಷೆ, ಚರಂಡಿಯವರ ನಕ್ಷೆ ಇವೂ ಬೇಕು.

ಜಾಸ್ತಿ ಜನ ಮರೆಯುವ ಒಂದು ಕಾಗದ ಇದೆ. ಅದು ಮಣ್ಣು ಪರೀಕ್ಷೆಯ ಬೋರ್ ವರದಿ. ಎಂಜಿನಿಯರ್ ಅದನ್ನು ಮಣ್ಣಿನ ಬಲ ನೋಡಲು ಮಾಡಿಸಿರುತ್ತಾರೆ. ಅದರಲ್ಲಿ "0ರಿಂದ 4 ಮೀಟರ್: ತುಂಬಿದ ಮಣ್ಣು, ಇಟ್ಟಿಗೆ ಚೂರು, ಕಪ್ಪು ಜೇಡಿ" ಅಂತ ಒಂದು ಸಾಲು ಇರುತ್ತದೆ. ಎಂಜಿನಿಯರಿಗೆ ಅದು ಬೇಡದ ಮಣ್ಣು. ನಮಗೆ ಆ ನಾಲ್ಕು ಮೀಟರೇ ಇಡೀ ನಗರ. ಹತ್ತಾರು ಬೋರುಗಳ ಅಂಕಿ ಸೇರಿಸಿದರೆ ಹಳೆ ಪದರ ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ಒಂದು ಅಂದಾಜು ನಕ್ಷೆ ಬರುತ್ತದೆ. ಹೊಸ ಪಾಯದ ಆಳವನ್ನು ಅದರ ಪಕ್ಕ ಇಟ್ಟರೆ ಎಲ್ಲಿ ಅಪಾಯ ಅಂತ ಅಗೆಯದೆಯೇ ಕಾಣುತ್ತದೆ. ಸಾಧ್ಯವಾದರೆ ಆ ಬೋರ್ ಮತ್ತು ಪರೀಕ್ಷಾ ಗುಂಡಿ ತೆಗೆಯುವ ದಿನವೇ ಪುರಾತತ್ವದವರು ಅಲ್ಲಿರಬೇಕು. ಎಷ್ಟೋ ಕಡೆ ಅವು ಮುಗಿದ ಮೇಲೆಯೇ ನಮಗೆ ಸುದ್ದಿ ಬರುವುದು.

ಈಗಾಗಲೇ ಹಾಳಾದ ಜಾಗ ಯಾವುದು ಅಂತಲೂ ಗುರುತಿಸಿ. ಹಳೆ ನೆಲಮಾಳಿಗೆ ಇದ್ದ ಕಡೆ ಮೇಲಿನ ಪದರಗಳು ಹೋಗಿರುತ್ತವೆ. ಹಾಗಂತ ಆ ಜಾಗವನ್ನು ಪೂರ್ತಿ ಕೈಬಿಡಬೇಡಿ. ಬಾವಿ, ಕಕ್ಕಸು ಗುಂಡಿ, ಆಳದ ಹಳ್ಳಗಳು ನೆಲಮಾಳಿಗೆಗಿಂತ ಕೆಳಕ್ಕೆ ಹೋಗಿರುತ್ತವೆ. ಅವುಗಳ ತಳ ನೆಲಮಾಳಿಗೆಯ ಕಾಂಕ್ರೀಟಿನ ಅಡಿಯಲ್ಲಿ ಕ್ಷೇಮವಾಗಿ ಕೂತಿರುತ್ತದೆ.

ಮಾತನ್ನೆಲ್ಲಾ ಬರಹಕ್ಕೆ ಇಳಿಸಿ

ಕೆಲಸ ಶುರುವಾಗುವ ಮುಂಚೆ ಒಂದು ಲಿಖಿತ ಯೋಜನೆ ಬೇಕು. ಅನುಮತಿ ಕೊಡುವ ಇಲಾಖೆ, ಮಾಲೀಕರು, ಗುತ್ತಿಗೆದಾರರು ಮೂವರೂ ಅದನ್ನು ಒಪ್ಪಿರಬೇಕು. ಅದರಲ್ಲಿ ಬಹಳ ಮುಖ್ಯವಾದ ಸಾಲು ಒಂದೇ: ಅಗೆತ ನಿಲ್ಲಿಸುವ ಅಧಿಕಾರ ಯಾರಿಗೆ. ನಿಗಾಕ್ಕೆ ನಿಂತವರು "ನಿಲ್ಲಿಸಿ" ಅಂದರೆ ಯಂತ್ರ ಆ ಕ್ಷಣವೇ ನಿಲ್ಲಬೇಕು. ಮೇಸ್ತ್ರಿಗೆ ಫೋನ್, ಅವರಿಂದ ಎಂಜಿನಿಯರಿಗೆ ಫೋನ್ ಅಂತ ಹೋದರೆ ಅಷ್ಟರಲ್ಲಿ ಪದರ ಟಿಪ್ಪರಿನಲ್ಲಿರುತ್ತದೆ.

ಉಳಿದದ್ದರಲ್ಲಿ ಯಾವ ಯಾವ ಕೆಲಸಕ್ಕೆ ನಿಗಾ ಬೇಕು ಎಂಬುದನ್ನು ಬಿಡಿಸಿ ಬರೆಯಿರಿ. ಮುಖ್ಯ ಪಾಯ ಎಲ್ಲರಿಗೂ ನೆನಪಿರುತ್ತದೆ. ಹಳೆ ಕಟ್ಟಡ ಕೆಡವಿದ ಮೇಲೆ ಅದರ ಪಾಯ ಕಿತ್ತು ತೆಗೆಯುವುದು, ಕ್ರೇನ್ ನಿಲ್ಲಿಸಲು ತೋಡುವ ಗುಂಡಿ, ಸೈಟ್ ಆಫೀಸಿನ ತಾತ್ಕಾಲಿಕ ಚರಂಡಿ, ಮರದ ಬೇರು ಕೀಳುವುದು ಇವು ಮರೆತುಹೋಗುತ್ತವೆ. ಹೊಸ ಪಾಯಕ್ಕಿಂತ ಹಳೆ ಪಾಯ ಕೀಳುವಾಗಲೇ ಹಾನಿ ಜಾಸ್ತಿ ಆಗುವ ಸೈಟುಗಳಿವೆ. ದೊಡ್ಡದೇನಾದರೂ ಸಿಕ್ಕರೆ ಎಷ್ಟು ದಿನ, ಎಷ್ಟು ಹಣ ಮೀಸಲು, ಸಿಕ್ಕ ವಸ್ತುಗಳು ಯಾರ ಸ್ವತ್ತು, ಸಂರಕ್ಷಣೆ ಎಲ್ಲಿ, ವರದಿ ಯಾವಾಗ ಎಂಬುದೂ ಅಲ್ಲಿರಲಿ.

ಮೀಸಲು ದಿನಗಳನ್ನು ಹಗುರವಾಗಿ ಕಾಣಬೇಡಿ. ಇಸ್ತಾಂಬುಲ್ಲಿನ ಯೆನಿಕಾಪಿಯಲ್ಲಿ ರೈಲು ನಿಲ್ದಾಣಕ್ಕೆಂದು 2004ರಲ್ಲಿ ಉತ್ಖನನ ಶುರುವಾಯಿತು. ಹೂಳಿನಡಿಯಲ್ಲಿ ಬೈಜಾಂಟೈನ್ ಕಾಲದ ಬಂದರು ಸಿಕ್ಕಿತು, 37 ಹಡಗುಗಳ ಅವಶೇಷ ಸಿಕ್ಕಿತು. ಅದಕ್ಕೂ ಕೆಳಗೆ ಸುಮಾರು 8,000 ವರ್ಷ ಹಿಂದಿನ ಊರಿನ ಕುರುಹು. ಯೋಜನೆ ವರ್ಷಗಟ್ಟಲೆ ತಡವಾಯಿತು. ನಿಮ್ಮ ಸೈಟಿನಲ್ಲಿ ಹಡಗು ಸಿಗದಿರಬಹುದು. ಸಿಕ್ಕರೆ ಯಾರನ್ನು ಕರೆಯಬೇಕು ಅಂತ ಮಾತ್ರ ಮೊದಲೇ ಗೊತ್ತಿರಬೇಕು.

ಯಂತ್ರ, ಬಕೆಟ್, ಆಪರೇಟರ್

ಬಕೆಟ್ ಹಲ್ಲಿಲ್ಲದ್ದೇ ಆಗಬೇಕು. ಹಲ್ಲಿನ ಬಕೆಟ್ ನೆಲವನ್ನು ಉತ್ತುಬಿಡುತ್ತದೆ. ನೇರ ಅಂಚಿನ ಅಗಲ ಬಕೆಟ್ ಮಣ್ಣನ್ನು ಸವರಿದ ಹಾಗೆ ತೆಗೆಯುತ್ತದೆ, ಅಡಿಯ ಬಣ್ಣ ಚೊಕ್ಕವಾಗಿ ಕಾಣುತ್ತದೆ. ರಸ್ತೆಯ ಡಾಂಬರು, ಕಾಂಕ್ರೀಟು ಒಡೆಯುವವರೆಗೆ ಹಲ್ಲು ಅಥವಾ ಬ್ರೇಕರ್ ಇರಲಿ. ಅದು ಮುಗಿದ ಕೂಡಲೇ ಬಕೆಟ್ ಬದಲಿಸಿ.

ಒಂದು ಸಲಕ್ಕೆ 10ರಿಂದ 15 ಸೆಂಟಿಮೀಟರಿಗಿಂತ ಜಾಸ್ತಿ ಇಳಿಯಬಾರದು. ಯಂತ್ರ ಇನ್ನೂ ಅಗೆಯದ ಕಡೆ ನಿಂತು ಹಿಂದಕ್ಕೆ ಸರಿಯುತ್ತಾ ಬರಬೇಕು. ತೆರೆದ ಪದರದ ಮೇಲೆ ಚೈನು ಹತ್ತಿದರೆ ಕಂಡದ್ದೆಲ್ಲಾ ಕಲಸಿಹೋಗುತ್ತದೆ.

ನೀವು ನಿಲ್ಲುವ ಜಾಗ ಮೊದಲೇ ಮಾತಾಗಿರಲಿ. ಯಂತ್ರದ ತೋಳು ತಿರುಗುವ ವೃತ್ತದ ಹೊರಗೆ, ಆಪರೇಟರ್ ಕಣ್ಣಿಗೆ ಬೀಳುವ ಹಾಗೆ, ಬಕೆಟ್ ಸವರಿದ ಜಾಗ ನಿಮಗೆ ಕಾಣುವ ಹಾಗೆ. ಯಂತ್ರದ ಹಿಂದೆ ಎಂದೂ ನಿಲ್ಲಬೇಡಿ. ನಿಲ್ಲಿಸು, ನಿಧಾನ, ಇನ್ನೊಂದು ಸಲ ಸವರು ಅನ್ನಲು ಕೈಸನ್ನೆ ಗೊತ್ತುಮಾಡಿಕೊಳ್ಳಿ. ಇಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳಿಸುವುದಿಲ್ಲ. ಗುಂಡಿಯ ಹತ್ತಿರ ಹೋಗಬೇಕಾದರೆ ಬಕೆಟ್ ನೆಲಕ್ಕಿಟ್ಟು, ಆಪರೇಟರ್ ಕೈ ಎತ್ತಿ ತೋರಿಸಿದ ಮೇಲೆಯೇ ಹೋಗಬೇಕು.

ಮೊದಲ ದಿನ ಬೆಳಿಗ್ಗೆ ಹತ್ತು ನಿಮಿಷ ಎಲ್ಲರನ್ನೂ ಕೂರಿಸಿ ಮಾತಾಡಿ. ಏನು ಹುಡುಕುತ್ತಿದ್ದೇವೆ, ಯಾಕೆ, ಸಿಕ್ಕರೆ ಏನಾಗುತ್ತದೆ. ಹತ್ತಿರದ ಸೈಟಿನಲ್ಲಿ ತೆಗೆದ ಫೋಟೊ ತೋರಿಸಿ. ಒಬ್ಬ ಒಳ್ಳೆ ಆಪರೇಟರ್ ನಿಮಗಿಂತ ಮೊದಲೇ ಪದರ ಬದಲಾದದ್ದನ್ನು ಹಿಡಿಯುತ್ತಾರೆ. ಮಣ್ಣು ಗಟ್ಟಿಯಾಯಿತು, ಮೆತ್ತಗಾಯಿತು, ಕಲ್ಲಿಗೆ ಉಜ್ಜಿತು ಎಂಬುದು ಅವರ ಕೈಗೆ ಲಿವರಿನಲ್ಲೇ ಗೊತ್ತಾಗುತ್ತದೆ. "ಏನಾದರೂ ಬೇರೆ ಥರ ಅನ್ನಿಸಿದರೆ ನಿಲ್ಲಿಸಿ, ನಾನು ಬೇಜಾರು ಮಾಡಿಕೊಳ್ಳಲ್ಲ" ಅಂತ ಹೇಳಿಡಿ. ನಿಗಾ ಕೆಲಸದ ಅರ್ಧ ಯಶಸ್ಸು ಈ ಒಬ್ಬ ವ್ಯಕ್ತಿಯ ಸಹಕಾರದಲ್ಲಿದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಮಣ್ಣು ಓದುವುದು

ಈಗ ನಿಜವಾದ ಕೆಲಸಕ್ಕೆ ಬಂದೆವು. ಬಕೆಟ್ ಸವರಿ ಎದ್ದ ಮರುಕ್ಷಣ ನೆಲ ನೋಡಿ. ಆಗ ಮಣ್ಣು ಹಸಿಯಾಗಿರುತ್ತದೆ, ಬಣ್ಣದ ವ್ಯತ್ಯಾಸ ಎದ್ದು ಕಾಣುತ್ತದೆ. ಬಿಸಿಲಿಗೆ ಸ್ವಲ್ಪ ಹೊತ್ತು ಬಿಟ್ಟರೆ ಎಲ್ಲಾ ಒಂದೇ ಬೂದು ಬಣ್ಣ. ಅದಕ್ಕೇ ನೀರು ಸಿಂಪಡಿಸುವ ಪಂಪು ಕೈಯಲ್ಲಿರಲಿ. ಅನುಮಾನ ಬಂದ ಕಡೆ ಕರಣಿಯಿಂದ ಒಂದು ಮೀಟರ್ ಜಾಗ ಹೆರೆದು, ನೀರು ಚಿಮುಕಿಸಿ, ಬೆಳಕಿಗೆ ಅಡ್ಡ ನಿಂತು ನೋಡಿ.

ನೋಡಬೇಕಾದ್ದು ಬಣ್ಣ, ಗಟ್ಟಿತನ, ಮಣ್ಣಿನ ಜಾತಿ, ಅದರೊಳಗಿನ ಚೂರುಪಾರು, ಮತ್ತು ಅಂಚು. ಅದರಲ್ಲೂ ಅಂಚು. ನೇರವಾದ ಅಂಚು, ದುಂಡನೆಯ ಅಂಚು ತಾನಾಗಿ ಆಗುವುದು ಅಪರೂಪ. ಅಂಚು ಕಂಡರೆ ಅಲ್ಲಿ ಯಾರೋ ಅಗೆದಿದ್ದಾರೆ ಅಂತ ಲೆಕ್ಕ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕಂದು ಮಣ್ಣಿನ ನಡುವೆ ಎಪ್ಪತ್ತು ಸೆಂಟಿಮೀಟರ್ ಅಗಲದ ಮಾಸಲು ಪಟ್ಟಿಯೊಂದು ನೇರವಾಗಿ ಓಡುತ್ತಿದೆ. ಪಟ್ಟಿಯ ಮಣ್ಣು ಸಡಿಲ. ಅದರಲ್ಲಿ ಗಾರೆಯ ಪುಡಿ, ಒಡೆದ ಇಟ್ಟಿಗೆ, ಅಂಗೈಯಷ್ಟು ಕಲ್ಲು. ಎರಡೂ ಬದಿಯಲ್ಲಿ ಮಣ್ಣು ತೆಳು ತೆಳು ಪದರವಾಗಿದೆ. ಹಳದಿ ಜೇಡಿ, ಕಪ್ಪು ಬೂದಿ, ಮತ್ತೆ ಜೇಡಿ. ಆ ಪದರಗಳೆಲ್ಲಾ ಪಟ್ಟಿಯ ಹತ್ತಿರ ಬಂದು ಕತ್ತರಿಸಿದ ಹಾಗೆ ನಿಂತಿವೆ. ಒಂದೇ ಒಂದು ಕಲ್ಲೂ ಕಲ್ಲಿನ ಮೇಲಿಲ್ಲ. ಆದರೂ ನೀವು ನೋಡುತ್ತಿರುವುದು ಒಂದು ಗೋಡೆಯನ್ನು. ಗೋಡೆಯ ಎರಡೂ ಕಡೆ ಜನ ಬದುಕಿದ್ದರು, ನೆಲ ಸಾರಿಸಿದ್ದರು, ಬೂದಿ ಚೆಲ್ಲಿದ್ದರು, ಮತ್ತೆ ನೆಲ ಮಾಡಿದ್ದರು. ಆಮೇಲೆ ಯಾರೋ ಬಂದು ಪಾಯದವರೆಗೂ ಅಗೆದು ಒಳ್ಳೆ ಕಲ್ಲುಗಳನ್ನೆಲ್ಲಾ ಬೇರೆ ಕಟ್ಟಡಕ್ಕೆ ಸಾಗಿಸಿದರು. ಉಳಿದ ಪುಡಿಯನ್ನು ಅದೇ ಕಾಲುವೆಗೆ ತಳ್ಳಿದರು. ಹಳೆ ನಗರಗಳಲ್ಲಿ ಇಂಥ ಕಲ್ಲು ಕಿತ್ತ ಕಾಲುವೆಗಳು ಬಹಳ.

ಇಲ್ಲೊಂದು ಎಚ್ಚರ ಬೇಕು. ಆ ಪಟ್ಟಿಯ ಮಣ್ಣಿನಲ್ಲಿ ಸಿಕ್ಕ ನಾಣ್ಯ ಗೋಡೆ ಕಟ್ಟಿದ ಕಾಲ ಹೇಳುವುದಿಲ್ಲ, ಕಲ್ಲು ಕಿತ್ತ ಕಾಲದ ಸುಳಿವು ಕೊಡುತ್ತದೆ. ಗೋಡೆಯ ಕಾಲಕ್ಕೆ ಬದಿಯ ನೆಲದ ಪದರಗಳನ್ನು ಕೇಳಬೇಕು. ಹಾಗೇ, ಒಂದು ಪದರದಲ್ಲಿ ಹಳೆಯದು ಹೊಸದು ಎರಡೂ ಇದ್ದರೆ ಆ ಪದರ ಅದರಲ್ಲಿರುವ ತೀರಾ ಇತ್ತೀಚಿನ ವಸ್ತುವಿಗಿಂತ ಹಿಂದಿನದಾಗಲು ಸಾಧ್ಯವಿಲ್ಲ. ನಗರದಲ್ಲಿ ಗುಂಡಿ ತೋಡಿದವರೆಲ್ಲಾ ಕೆಳಗಿನ ಹಳೆ ಮಡಕೆ ಚೂರನ್ನು ಮೇಲೆ ತಂದುಹಾಕಿರುತ್ತಾರೆ.

ಹಸಿರು ಛಾಯೆಯ ಮೆತ್ತನೆ ಮಣ್ಣು, ಹಣ್ಣಿನ ಬೀಜಗಳು ಕಂಡರೆ ಕಕ್ಕಸು ಗುಂಡಿ ಇರಬಹುದು. ಜನ ಏನು ತಿಂದರು, ಹೊಟ್ಟೆಯಲ್ಲಿ ಯಾವ ಹುಳ ಇತ್ತು ಎಂಬುದನ್ನು ಅದರಷ್ಟು ಚೆನ್ನಾಗಿ ಹೇಳುವ ಮಣ್ಣು ಬೇರೆ ಇಲ್ಲ. ಕೆಂಪಗೆ ಬೆಂದ ಜೇಡಿ ಮತ್ತು ಇದ್ದಿಲು ಒಟ್ಟಿಗೆ ಇದ್ದರೆ ಒಲೆ, ಕುಲುಮೆ ಅಥವಾ ಬೆಂಕಿ ಅನಾಹುತ. ಬಣ್ಣದ ವ್ಯತ್ಯಾಸವೇ ಇಲ್ಲದ, ದಪ್ಪನೆಯ, ಎಲ್ಲಾ ಒಂದೇ ಥರದ ಕಡುಕಪ್ಪು ಮಣ್ಣು ಕಂಡರೆ "ಏನೂ ಇಲ್ಲ" ಅನ್ನಬೇಡಿ. ಒಂದು ಕಾಲದ ತೋಟ, ಪಾಳುಬಿದ್ದ ಬೀದಿ, ತಿಪ್ಪೆ ಎಲ್ಲಾ ಹೀಗೇ ಕಾಣುತ್ತವೆ.

ಕೊನೆಗೆ ಮನುಷ್ಯರ ಕೈ ಮುಟ್ಟದ ಸಹಜ ಮಣ್ಣು ಬರುತ್ತದೆ. ಬಂತು ಅಂತ ಬೇಗ ತೀರ್ಮಾನಿಸಬೇಡಿ. ನೆಲ ಎತ್ತರಿಸಲು ಬೇರೆ ಕಡೆಯಿಂದ ತಂದು ಸುರಿದ ಶುದ್ಧ ಜೇಡಿ ಥೇಟ್ ಸಹಜ ಮಣ್ಣಿನ ಹಾಗೇ ಇರುತ್ತದೆ. ಒಂದು ಮೂಲೆಯಲ್ಲಿ ಚಿಕ್ಕ ಗುಂಡಿ ಇನ್ನಷ್ಟು ಆಳಕ್ಕೆ ತೋಡಿ ಪರೀಕ್ಷಿಸಿ. ಅಡಿಯಲ್ಲಿ ಒಂದು ಇದ್ದಿಲ ಚೂರು, ಒಂದು ಮೂಳೆ ಕಂಡರೂ ಇನ್ನೂ ಕೆಳಗೆ ನಗರ ಇದೆ ಅಂತ ಅರ್ಥ.

ಪೈಲಿಂಗ್, ಅಂದರೆ ನೆಲದಾಳಕ್ಕೆ ಪಾಯದ ಕಂಬ ಇಳಿಸುವ ಕೆಲಸದ ವಿಷಯ ಬೇರೆ. ನೆಲ ಕೊರೆಯುವ ಆಗರ್ ಮೇಲೆ ತರುವ ಕೆಸರು ನೋಡಿ ಜಾಸ್ತಿ ಹೇಳಲಾಗುವುದಿಲ್ಲ. ಅಲ್ಲಿ ನಿಗಾ ಇಡಬೇಕಾದ್ದು ಪೈಲ್ ಹಾದಿಯಲ್ಲಿ ಅಡ್ಡ ಬಂದ ಕಲ್ಲು ತೆಗೆಯಲು ತೋಡುವ ಗುಂಡಿಗಳಿಗೆ, ಮತ್ತು ಪೈಲ್ ತಲೆ ಕಟ್ಟಲು ಅಗೆಯುವಾಗ.

ಏನಾದರೂ ಕಂಡಾಗ

1. ಕೈ ಎತ್ತಿ, ಯಂತ್ರ ನಿಲ್ಲಿಸಿ.
2. ಜಾಗಕ್ಕೆ ಗೂಟ ಹೊಡೆದು ಟೇಪ್ ಕಟ್ಟಿ. ಟೇಪಿನ ಒಳಗೆ ಯಾರೂ ಕಾಲಿಡಬಾರದು.
3. ಕರಣಿಯಿಂದ ಶುಚಿಮಾಡಿ, ಏನು, ಎಷ್ಟು ದೂರ ಹೋಗಿದೆ ಅಂತ ನೋಡಿ. ಕಿತ್ತು ನೋಡಬೇಡಿ.
4. ಯಂತ್ರವನ್ನು ಸೈಟಿನ ಇನ್ನೊಂದು ಕಡೆಗೆ ಕಳಿಸಿ.

ನಾಲ್ಕನೆಯದು ಚಿಕ್ಕ ಮಾತಾದರೂ ಗುತ್ತಿಗೆದಾರರ ಜೊತೆ ಸಂಬಂಧ ಉಳಿಸುವುದು ಅದೇ. ಯಂತ್ರ ಸುಮ್ನೆ ನಿಂತರೆ ಬಾಡಿಗೆ ಓಡುತ್ತಿರುತ್ತದೆ, ಎಲ್ಲರ ಮುಖ ಗಂಟಿಕ್ಕುತ್ತದೆ. ಬೆಳಿಗ್ಗೆಯೇ ಎಂಜಿನಿಯರ್ ಜೊತೆ ಕೂತು "ಇಲ್ಲಿ ನಿಂತರೆ ಅಲ್ಲಿ ಶುರುಮಾಡೋಣ" ಅಂತ ಎರಡನೇ ಜಾಗ ಇಟ್ಟುಕೊಂಡಿದ್ದರೆ ಈ ಕಷ್ಟ ಇಲ್ಲ.

ಆಮೇಲೆ ನಿರ್ಧಾರ. ಒಂದೆರಡು ಗಂಟೆಯಲ್ಲಿ ದಾಖಲಿಸಿ ಮುಗಿಯುವಂಥದ್ದಾದರೆ ನೀವೇ ಮುಗಿಸಿ. ಒಂದೆರಡು ದಿನ, ಇನ್ನಷ್ಟು ಜನ ಬೇಕಾದರೆ ಮೀಸಲು ದಿನಗಳಿಂದ ತೆಗೆಯಿರಿ. ಯೋಜನೆಯಲ್ಲಿ ಯಾರೂ ಊಹಿಸದಂಥದ್ದಾದರೆ ಇಲಾಖೆಗೆ ತಿಳಿಸಿ, ಅವರು ಬಂದು ನೋಡುವವರೆಗೆ ಕಾಯಿರಿ. ಆಗ ಒತ್ತಡ ಬರುತ್ತದೆ. ಲಿಖಿತ ಯೋಜನೆ ನಿಮ್ಮ ಬೆನ್ನಿಗೆ ನಿಲ್ಲುವುದು ಆಗಲೇ.

ಬೆಲೆಬಾಳುವ ಲೋಹ ಸಿಕ್ಕರೆ ಸಂಜೆಯೊಳಗೆ ಅಲ್ಲಿಂದ ತೆಗೆದು ಭದ್ರಮಾಡಿ. ಫೋಟೊ ಯಾರ ಫೋನಿನಿಂದಲೂ ಹೊರಗೆ ಹೋಗಬಾರದು. ಕಳ್ಳರು ರಾತ್ರಿ ಬರುತ್ತಾರೆ.

ಮನುಷ್ಯರ ಮೂಳೆ ಕಂಡರೆ ಎಲ್ಲಾ ನಿಲ್ಲಬೇಕು. ಮುಚ್ಚಿ, ರಸ್ತೆಗೆ ಕಾಣದ ಹಾಗೆ ಪರದೆ ಕಟ್ಟಿ, ನಿಮ್ಮ ದೇಶದ ಕಾನೂನು ಹೇಳುವವರಿಗೆ ಮೊದಲು ತಿಳಿಸಿ. ಬಹಳ ಕಡೆ ಅದು ಪೊಲೀಸರು. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ಬಳಿ ಹೊಸ ರೈಲು ನಿಲ್ದಾಣಕ್ಕಾಗಿ 2015ರಲ್ಲಿ ಅಗೆದಾಗ ಬೆಡ್ಲಮ್ ಸ್ಮಶಾನದಿಂದ 3,000ಕ್ಕೂ ಹೆಚ್ಚು ಅಸ್ಥಿಪಂಜರ ತೆಗೆಯಬೇಕಾಯಿತು. ಒಂದಿರಲಿ, ಸಾವಿರ ಇರಲಿ, ಅವರು ಯಾರದೋ ಮನೆಯವರು. ಆ ಗೌರವ ಕೆಲಸದಲ್ಲಿ ಕಾಣಬೇಕು.

ಬರೆದಿಡುವುದು

ಪ್ರತಿ ಪದರಕ್ಕೂ, ಪ್ರತಿ ಗುಂಡಿಗೂ ಒಂದು ಕಾಂಟೆಕ್ಸ್ಟ್ ನಂಬರ್. ಗುಂಡಿಯ ಅಂಚಿಗೆ ಒಂದು ನಂಬರ್, ಅದನ್ನು ತುಂಬಿದ ಮಣ್ಣಿಗೆ ಇನ್ನೊಂದು. ತೋಡಿದ್ದು ಒಂದು ಘಟನೆ, ಮುಚ್ಚಿದ್ದು ಇನ್ನೊಂದು, ಅಲ್ವಾ? ಹಾಳೆಯಲ್ಲಿ ಬಣ್ಣ, ಗಟ್ಟಿತನ, ಏನೇನು ಸೇರಿದೆ, ಉದ್ದಗಲ ದಪ್ಪ, ಯಾವುದರ ಮೇಲಿದೆ, ಯಾವುದನ್ನು ಕತ್ತರಿಸಿದೆ ಬರೆಯಿರಿ. ಬಣ್ಣಕ್ಕೆ ಮನ್ಸೆಲ್ ಚಾರ್ಟ್ (ಪ್ರತಿ ಬಣ್ಣಕ್ಕೂ ಗುರುತು ಕೊಟ್ಟಿರುವ ಪಟ್ಟಿ) ಬಳಸಿದರೆ ನಿಮ್ಮ ಕಂದು ಇನ್ನೊಬ್ಬರ ಕಂದಿಗೆ ತಾಳೆಯಾಗುತ್ತದೆ.

ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಚೌಕಗಳೂ ಗೆರೆಗಳೂ ಇರುವ ಚಿತ್ರವಾಗಿ ಬರೆಯುವ ವಿಧಾನವನ್ನು ಎಡ್ವರ್ಡ್ ಹ್ಯಾರಿಸ್ 1973ರಲ್ಲಿ ಇಂಗ್ಲೆಂಡಿನ ವಿಂಚೆಸ್ಟರ್ ನಗರದ ಉತ್ಖನನದ ದಾಖಲೆಗಳ ಮೇಲೆ ಕೆಲಸ ಮಾಡುವಾಗ ರೂಪಿಸಿದರು. ಹ್ಯಾರಿಸ್ ಮ್ಯಾಟ್ರಿಕ್ಸ್ ಅನ್ನುತ್ತಾರೆ. ಸಾವಿರಾರು ಗುಂಡಿಗಳು ಒಂದನ್ನೊಂದು ಕತ್ತರಿಸಿಕೊಂಡಿರುವ ನಗರದ ನೆಲಕ್ಕೆ ಇದಿಲ್ಲದೆ ಆಗುವುದಿಲ್ಲ. ಅದನ್ನು ಅದೇ ದಿನ, ಗುಂಡಿಯ ಬದಿಯಲ್ಲೇ ಬರೆಯಿರಿ. ನಾಳೆ ಆ ಗುಂಡಿಯೇ ಇರುವುದಿಲ್ಲ.

ಮೇಲಿನಿಂದ ನೋಡಿದ ನಕ್ಷೆ 1:20 ಅಳತೆಯಲ್ಲಿ, ಗೋಡೆಯ ಹಾಗೆ ನಿಂತ ಮಣ್ಣಿನ ಬದಿಯ ಚಿತ್ರ 1:10ರಲ್ಲಿ ಬರೆಯುವುದು ರೂಢಿ. ಫೋಟೊದಲ್ಲಿ ಸ್ಕೇಲ್ ಮತ್ತು ನಂಬರ್ ಬೋರ್ಡ್ ಇರಲಿ. ಎತ್ತರಗಳನ್ನು ರಸ್ತೆ ಮಟ್ಟದಿಂದ ಅಳೆದು ಬಿಡಬೇಡಿ, ಸಮುದ್ರ ಮಟ್ಟದ ಬೆಂಚ್‌ಮಾರ್ಕಿಗೆ ಜೋಡಿಸಿ. ರಸ್ತೆ ನಾಳೆ ಎತ್ತರವಾಗುತ್ತದೆ, ಆಗ ನಿಮ್ಮ ಅಂಕಿ ಯಾರಿಗೂ ಪ್ರಯೋಜನಕ್ಕೆ ಬರುವುದಿಲ್ಲ.

ಉದ್ದನೆಯ ಪೈಪ್ ಕಾಲುವೆಯಲ್ಲಿ ಪೂರ್ತಿ ಬದಿ ಚಿತ್ರಿಸಲು ಸಮಯ ಸಿಗದು. ಗೊತ್ತಾದ ಅಂತರಕ್ಕೊಂದು ಒಂದು ಮೀಟರ್ ಅಗಲದ ಪಟ್ಟಿ ಶುಚಿಮಾಡಿ ಚಿತ್ರಿಸಿ, ನಡುವೆ ಬದಲಾವಣೆ ಕಂಡ ಕಡೆ ಮತ್ತೊಂದು ಸೇರಿಸಿ.

ಏನೂ ಸಿಗದ ದಿನವನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯಿರಿ. ಎಲ್ಲಿ ಅಗೆದರು, ಎಷ್ಟು ಆಳ, ಏನು ಮಣ್ಣು. ನೀವು ನೋಡಲಾಗದ ಜಾಗವನ್ನೂ ನಕ್ಷೆಯಲ್ಲಿ ಬೇರೆ ಗುರುತಿನಿಂದ ತೋರಿಸಿ. ನೋಡಿದೆವು, ಏನೂ ಇರಲಿಲ್ಲ ಅನ್ನುವುದಕ್ಕೂ ನೋಡಲೇ ಇಲ್ಲ ಅನ್ನುವುದಕ್ಕೂ ಅಜಗಜಾಂತರ.

ಸಿಕ್ಕ ವಸ್ತು ಮತ್ತು ಒದ್ದೆ ಮಣ್ಣು

ಚೀಲದ ಮೇಲೆ ಸೈಟಿನ ಹೆಸರು, ಕಾಂಟೆಕ್ಸ್ಟ್ ನಂಬರ್, ದಿನಾಂಕ. ಚೀಲದೊಳಗೂ ಒಂದು ಚೀಟಿ. ನಂಬರ್ ಇಲ್ಲದ ಚಂದದ ಮಡಕೆಗಿಂತ ನಂಬರ್ ಇರುವ ಸಣ್ಣ ಚೂರು ಮೇಲು.

ಒಣ ನೆಲದಲ್ಲಿ ಸಿಕ್ಕ ಲೋಹವನ್ನು ತೊಳೆಯಬೇಡಿ, ಉಜ್ಜಬೇಡಿ, ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ಒಣಗಿಸಿಡಿ. ನೀರು ತುಂಬಿದ ಮಣ್ಣಿನಲ್ಲಿ ಸಿಕ್ಕ ಮರ, ಚರ್ಮ, ಬಟ್ಟೆ ಇದಕ್ಕೆ ಪೂರ್ತಿ ಉಲ್ಟಾ. ಅವು ಒದ್ದೆಯಾಗಿ, ತಂಪಾಗಿ, ಕತ್ತಲಲ್ಲೇ ಇರಬೇಕು. ಒಣಗಿದರೆ ಮರ ಸುಕ್ಕಿ ಬಿರಿಯುತ್ತದೆ, ಮತ್ತೆ ಹಿಂದಿನ ರೂಪ ಬರುವುದಿಲ್ಲ.

ಒದ್ದೆ ಮಣ್ಣಿನ ಬೆಲೆ ಎಷ್ಟು ಅಂತ ಲಂಡನ್ನಿನ ವಾಲ್‌ಬ್ರೂಕ್ ಹೊಳೆಯ ದಡ ತೋರಿಸಿತು. 1954ರಲ್ಲಿ ರೋಮನ್ ಕಾಲದ ಮಿತ್ರಾಸ್ ದೇವರ ಗುಡಿ ಸಿಕ್ಕ ಜಾಗದಲ್ಲೇ, 2010ರ ನಂತರ ಬ್ಲೂಮ್‌ಬರ್ಗ್ ಕಟ್ಟಡಕ್ಕಾಗಿ ಅಗೆದಾಗ, ರೋಮನ್ ಕಾಲದ 405 ಮರದ ಬರೆಯುವ ಹಲಗೆಗಳು ಸಿಕ್ಕವು. ಹಲಗೆಯ ಮೇಲಿನ ಮೇಣ ಎಂದೋ ಹೋಗಿತ್ತು. ಬರೆಯುವ ಮೊನೆಗಡ್ಡಿ (ಕಂಟ) ಮೇಣ ದಾಟಿ ಮರಕ್ಕೆ ತಾಗಿದ ಗೀರು ಮಾತ್ರ ಉಳಿದಿತ್ತು. ಆ ಗೀರುಗಳನ್ನೇ ಓದಿದರು. ಒಂದರಲ್ಲಿ ಕ್ರಿ.ಶ. 57ರ ಜನವರಿ 8ರ ಸಾಲದ ಲೆಕ್ಕ. ಗಾಳಿಯಾಡದ ಕೆಸರು ಇಲ್ಲದಿದ್ದರೆ ಒಂದು ಅಕ್ಷರವೂ ಉಳಿಯುತ್ತಿರಲಿಲ್ಲ.

ಮಣ್ಣಿನ ಮಾದರಿ ತೆಗೆಯುವಾಗ ಮುಷ್ಟಿಯಷ್ಟು ಸಾಲದು. ಬೀಜ, ಇದ್ದಿಲು, ಮೀನಿನ ಮುಳ್ಳು ಸಿಗಬೇಕಾದರೆ ಒಂದು ಪದರದಿಂದ ಸುಮಾರು 40 ಲೀಟರ್ ಬೇಕು. ಪದರವೇ ಅಷ್ಟಿಲ್ಲದಿದ್ದರೆ ಇರುವಷ್ಟನ್ನೂ ತೆಗೆಯಿರಿ.

ಜೀವ ಮೊದಲು

ಒಂದು ಘನ ಮೀಟರ್ ಮಣ್ಣಿನ ತೂಕ ಒಂದೂವರೆಯಿಂದ ಎರಡು ಟನ್. ಕುಸಿದರೆ ತಪ್ಪಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಅಮೆರಿಕದ ನಿಯಮದ ಪ್ರಕಾರ, ಗಟ್ಟಿ ಬಂಡೆಯಲ್ಲದ ಕಡೆ 5 ಅಡಿ ಮತ್ತು ಅದಕ್ಕಿಂತ ಆಳದ ಕಾಲುವೆಗೆ ಬದಿಯ ಆಸರೆ ಅಥವಾ ಇಳಿಜಾರು ಬೇಕೇ ಬೇಕು, ಅಗೆದ ಮಣ್ಣಿನ ರಾಶಿ ಅಂಚಿನಿಂದ ಕನಿಷ್ಠ 2 ಅಡಿ ದೂರ ಇರಬೇಕು. ಹಳೆ ನಗರದ ತುಂಬಿದ ಮಣ್ಣು ಸಡಿಲ, ಅಷ್ಟು ಆಳ ಇಲ್ಲದಿದ್ದರೂ ಕುಸಿಯಬಹುದು. ಒಳಗೆ ಇಳಿಯಲಾಗದ ಕಾಲುವೆಯನ್ನು ಮೇಲಿನಿಂದಲೇ ಅಳೆಯಿರಿ, ಫೋಟೊ ತೆಗೆಯಿರಿ. ಯಾವ ಪದರವೂ ಒಂದು ಜೀವಕ್ಕೆ ಸಮ ಅಲ್ಲ.

ಹಳೆ ಬಾವಿಯ ಬಾಯಿ, ವಿದ್ಯುತ್ ಕೇಬಲ್, ಗ್ಯಾಸ್ ಪೈಪ್, ಹಳೆ ಕಾರ್ಖಾನೆಯ ವಿಷದ ಮಣ್ಣು, ಕಲ್ನಾರು ಇವೆಲ್ಲಾ ನಗರದ ನೆಲದಲ್ಲಿರುತ್ತವೆ. ಯುದ್ಧ ಕಂಡ ನಗರಗಳಲ್ಲಿ ಸಿಡಿಯದ ಬಾಂಬುಗಳೂ. ಜರ್ಮನಿಯಲ್ಲಿ ಇವತ್ತಿಗೂ ಪ್ರತಿ ವರ್ಷ ಸಿಗುತ್ತವೆ.

ಸೈಟಿನ ಆಚೆಗೂ ಕಣ್ಣಿರಲಿ. ಅಗೆತಕ್ಕಾಗಿ ಅಂತರ್ಜಲ ಪಂಪ್ ಮಾಡಿದರೆ ಪಕ್ಕದ ಹಳೆ ಕಟ್ಟಡದ ಮರದ ಪೈಲುಗಳಿಗೆ ಗಾಳಿ ತಾಗಿ ಕೊಳೆಯುತ್ತವೆ. ಒದ್ದೆ ಪದರಗಳೂ ಅಷ್ಟೆ. 2009ರ ಮಾರ್ಚ್ 3ರಂದು ಜರ್ಮನಿಯ ಕಲೋನ್ ನಗರದಲ್ಲಿ ಮೆಟ್ರೊ ಅಗೆತದ ಪಕ್ಕದಲ್ಲಿದ್ದ ನಗರ ದಾಖಲಾಲಯವೇ ಕುಸಿಯಿತು. ಇಬ್ಬರು ಸತ್ತರು, ಶತಮಾನಗಳ ದಾಖಲೆ ಅವಶೇಷದಡಿ ಹೂತುಹೋಯಿತು. ಅಕ್ಕಪಕ್ಕದ ಗೋಡೆಗಳ ಬಿರುಕಿಗೆ ಅಳತೆ ಪಟ್ಟಿ ಅಂಟಿಸಿ, ಅಗೆತ ಶುರುವಾಗುವ ಮುಂಚಿನ ಫೋಟೊ ಇಟ್ಟುಕೊಂಡು, ವಾರವಾರ ಹೋಲಿಸುವುದು ದೊಡ್ಡ ಖರ್ಚಲ್ಲ.

ತೆಗೆಯದೆ ಉಳಿಸುವ ದಾರಿ

ಕೆಲವು ಸಲ ಅತ್ಯುತ್ತಮ ಉಪಾಯ ಅಂದರೆ ಅಗೆಯದಿರುವುದು. ಲಂಡನ್ನಿನಲ್ಲಿ 1587ರಲ್ಲಿ ಕಟ್ಟಿದ ರೋಸ್ ನಾಟಕಶಾಲೆಯ ಅವಶೇಷ 1989ರಲ್ಲಿ ಕಚೇರಿ ಕಟ್ಟಡದ ಸೈಟಿನಲ್ಲಿ ಸಿಕ್ಕಿತು. ಭಾರಿ ಚಳವಳಿ ನಡೆಯಿತು. ಕೊನೆಗೆ ಕಟ್ಟಡದ ವಿನ್ಯಾಸ ಬದಲಿಸಿ, ಅವಶೇಷದ ಮೇಲೆ ಮರಳು ಹಾಸಿ, ಒದ್ದೆಯಾಗಿಟ್ಟು, ಅದರ ಮೇಲ್ಗಡೆ ಕಟ್ಟಡ ಎಬ್ಬಿಸಿದರು. ಮರುವರ್ಷವೇ ಇಂಗ್ಲೆಂಡ್ ಯೋಜನಾ ನಿಯಮದಲ್ಲಿ ಪುರಾತತ್ವಕ್ಕೆ ಗಟ್ಟಿ ಜಾಗ ಕೊಟ್ಟಿತು.

ನಿಮ್ಮ ಸೈಟಿನಲ್ಲಿ ಇದು ಚಿಕ್ಕದಾಗಿಯೂ ಆಗಬಹುದು. ಪೈಪನ್ನು ಅರ್ಧ ಮೀಟರ್ ಪಕ್ಕಕ್ಕೆ ಸರಿಸುವುದು, ಪಾಯದ ತಳವನ್ನು 20 ಸೆಂಟಿಮೀಟರ್ ಮೇಲಕ್ಕೆ ತರುವುದು, ಎರಡು ಪೈಲಿನ ನಡುವೆ ತೊಲೆ ಹಾಕುವುದು. ಎಂಜಿನಿಯರನ್ನು ಕೇಳಿ ನೋಡಿ, ಅವರಿಗೆ ಇಂಥ ಲೆಕ್ಕ ಇಷ್ಟವೇ. ಮುಚ್ಚುವಾಗ ನೀರು ಹಾಯುವ ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಸಿ, ಮೇಲೆ ಶುದ್ಧ ಮರಳು ಹಾಕಿ. ಮುಂದೆ ಅಗೆಯುವವರಿಗೆ ಅದು ಗುರುತೂ ಆಗುತ್ತದೆ. ನೇರವಾಗಿ ಕಾಂಕ್ರೀಟ್ ಸುರಿಯಬೇಡಿ.

ವರದಿ

ಅಗೆತ ಮುಗಿದರೆ ಕೆಲಸ ಅರ್ಧ ಆಯಿತು. ವಸ್ತುಗಳನ್ನು ತಜ್ಞರು ನೋಡಬೇಕು, ಮಾದರಿ ತೊಳೆದು ಸೋಸಬೇಕು, ಚಿತ್ರಗಳನ್ನು ಕೂಡಿಸಬೇಕು. ಇದಕ್ಕೆ ಹಣ ಮೊದಲೇ ಎತ್ತಿಟ್ಟಿರಬೇಕು. ಕಟ್ಟಡ ಎದ್ದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ. ವರದಿ ಚಿಕ್ಕದಾದರೂ ಪರವಾಗಿಲ್ಲ, ಬೇಗ ಬರಲಿ. ಒಂದು ಪ್ರತಿ ನಗರದ ಪುರಾತತ್ವ ದಾಖಲೆಗೆ, ಒಂದು ಇಲಾಖೆಗೆ, ಒಂದು ಮಾಲೀಕರಿಗೆ. ಹಾಳೆ, ಚಿತ್ರ, ಫೋಟೊ, ಅಳತೆಯ ಕಡತಗಳು ವಸ್ತುಗಳ ಜೊತೆ ಒಂದೇ ಸಂಗ್ರಹಾಲಯ ಸೇರಬೇಕು.

ವರದಿಯ ಕೊನೆಗೆ ಎರಡು ಅಂಕಿ ತಪ್ಪದೆ ಕೊಡಿ. ಹೊಸ ಕಟ್ಟಡದ ತಳದ ಕೆಳಗೆ ಇನ್ನೂ ಎಷ್ಟು ದಪ್ಪದ ಹಳೆ ಪದರ ಉಳಿದಿದೆ, ಅದರ ಮೇಲ್ಮಟ್ಟ ಸಮುದ್ರ ಮಟ್ಟದಿಂದ ಎಷ್ಟು. ಜೊತೆಗೆ ಸೈಟಿನ ಯಾವ ಅಂಚಿನಲ್ಲಿ ಗೋಡೆಯೋ ಬೀದಿಯೋ ಗುಂಡಿಯೋ ಪಕ್ಕದ ಜಾಗಕ್ಕೆ ಮುಂದುವರಿದಿದೆ ಅಂತ ನಕ್ಷೆಯಲ್ಲಿ ಬಾಣ ಹಾಕಿ ತೋರಿಸಿ. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುವ ದಿನ ಅಲ್ಲಿ ನಿಗಾಕ್ಕೆ ನಿಂತವರು ಮೊದಲು ತೆರೆಯುವ ಕಾಗದ ಅದೇ.